ಪಿಂಚಣಿ ಗೆದ್ದ ಮಾಜಿ ಸೈನಿಕರು ಅಗ್ನಿವೀರರ ಕೈ ಹಿಡೀತಾರಾ?

ಮಾಕವಳ್ಳಿ: ಒಂದೇ ಶ್ರೇಣಿ, ಅಷ್ಟೇ ವರ್ಷ ಸೇವೆ, ಆದ್ರೂ ಮೊದಲೇ ನಿವೃತ್ತರಾದವರಿಗೆ ಪಿಂಚಣಿ ಕಮ್ಮಿ. ಇದನ್ನ ಪ್ರಶ್ನಿಸಿ ಇಂಡಿಯನ್ ಎಕ್ಸ್‌ಸರ್ವಿಸ್‌ಮೆನ್ ಮೂವ್‌ಮೆಂಟ್ ಸಂಘಟನೆಯವರು 2009ರಲ್ಲಿ ಪದಕ ವಾಪಸ್ ಕೊಟ್ರು, 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತ್ರು. ಸೆಪ್ಟೆಂಬರ್ 5ಕ್ಕೆ ಕೇಂದ್ರ ಸರ್ಕಾರ 'ಒಂದು ಶ್ರೇಣಿ, ಒಂದು ಪಿಂಚಣಿ' ಘೋಷಿಸಿತು. ಪ್ರತಿ ವರ್ಷ ಪರಿಷ್ಕರಣೆ ಕೇಳಿದ್ರು, ಸಿಕ್ಕಿದ್ದು 5 ವರ್ಷಕ್ಕೊಮ್ಮೆ.

ಈಗಿನ ಪ್ರಶ್ನೆ ಅಗ್ನಿವೀರರದ್ದು. 2022ರ ನಿಯಮದ ಪ್ರಕಾರ 4 ವರ್ಷ ಸೇವೆ; ಮುಂದುವರಿಯೋದು ಹೆಚ್ಚೆಂದರೆ ಶೇ 25 ಮಂದಿ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ಪಿಂಚಣಿ ಇಲ್ಲ, ಮಿಲಿಟರಿ ಕ್ಯಾಂಟೀನ್ ಇಲ್ಲ, 'ಮಾಜಿ ಸೈನಿಕ' ಅನ್ನೋ ಸ್ಥಾನಮಾನವೂ ಇಲ್ಲ. ನಮ್ಮ ಕೆ.ಆರ್.ಪೇಟೆ ತಾಲ್ಲೂಕಿಂದ ಜವಾನರಾಗಿ ಸೇರೋ ಹುಡುಗರಿಗೂ ಇದೇ ನಿಯಮ.

ಹಿರಿಯರಿಗೆ ಪಿಂಚಣಿ ಸಿಕ್ಕಿದ್ದು ಸಂಘಟನೆಯ ಬಲದಿಂದ. ಒಬ್ಬೊಬ್ಬರಾಗಿ ಊರಿಗೆ ಮರಳೋ ಈ ಹುಡುಗರಿಗೆ ಆ ಬಲ ಇಲ್ಲ. ಮಾಜಿ ಸೈನಿಕರ ಸಂಘಗಳು ಈಗಲೇ ಇವರನ್ನ ತಮ್ಮವರು ಅಂತ ಸೇರಿಸಿಕೊಳ್ಳಬೇಕು.