ವಿದ್ಯುತ್ ಸ್ಕೂಟರ್ ಕೊಳ್ಳುವ ಮುನ್ನ

ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ವರು ಸೇರಿದರೆ, ಈಗ ಮಳೆ ಬೆಳೆಯ ಮಾತಿಗಿಂತ ಮೊದಲು ಬರುವುದು ವಿದ್ಯುತ್ ಸ್ಕೂಟರಿನ ಮಾತು. ಕೊರಟಗೆರೆಯಿಂದ ತುಮಕೂರಿಗೆ ದಿನವೂ ಕೆಲಸಕ್ಕೆ ಹೋಗಿ ಬರುವ ಯುವಕನೊಬ್ಬ ಕಳೆದ ವಾರ ನಮ್ಮನ್ನು ತಡೆದು, "ಅಂಕಲ್, ಒಂದು ಲಕ್ಷದೊಳಗೆ ಯಾವ ಗಾಡಿ ತೆಗೆದುಕೊಳ್ಳಲಿ?" ಎಂದು ಕೇಳಿದ. ತಿಂಗಳ ಸಂಬಳವನ್ನೇ ನಂಬಿದ ಕುಟುಂಬಕ್ಕೆ ಒಂದು ಲಕ್ಷವೆಂದರೆ ಮೂರು ವರ್ಷದ ಸಾಲ. ಆದ್ದರಿಂದ ಯಾವ ಗಾಡಿ ಎಂಬುದಕ್ಕಿಂತ ಮೊದಲು, ಗಾಡಿ ಬೇಕೇ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳಿತೆಂದು ನಮಗೆ ತೋರಿತು.

ಆತನ ದಾರಿ ಹೋಗಿ ಬರಲು ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ತಿಂಗಳಿಗೆ 25 ದಿನವೆಂದರೆ ಸುಮಾರು 1,300 ಕಿಲೋಮೀಟರ್. ಲೀಟರಿಗೆ ಐವತ್ತು ಕಿಲೋಮೀಟರ್ ಕೊಡುವ ಬೈಕಿಗೆ, ನೂರು ರೂಪಾಯಿ ದಾಟಿದ ಪೆಟ್ರೋಲ್ ಬೆಲೆಯಲ್ಲಿ, 2,600 ರೂಪಾಯಿಗೂ ಮಿಗಿಲಾಗಿ ತಗಲುತ್ತದೆ. ವಿದ್ಯುತ್ ಸ್ಕೂಟರಾದರೆ ಅಷ್ಟೇ ದಾರಿಗೆ 45 ಯೂನಿಟ್ ಸಾಕು. ಯೂನಿಟ್ಟಿಗೆ ಆರೇಳು ರೂಪಾಯಿಯಂತೆ ಸುಮಾರು 300 ರೂಪಾಯಿ. ಉಳಿತಾಯ 2,300. ಆದರೆ ಶೇಕಡಾ 12ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ಪಡೆದ ಒಂದು ಲಕ್ಷದ ಸಾಲಕ್ಕೆ ತಿಂಗಳ ಕಂತು 3,300! ಹಳೆಯ ಬೈಕು ಇನ್ನೂ ಓಡುತ್ತಿದ್ದರೆ, ಮೂರು ವರ್ಷ ತಿಂಗಳು ತಿಂಗಳೂ ಸಾವಿರ ರೂಪಾಯಿ ಕೈಬಿಡುತ್ತದೆ. ಲಾಭ ತೊಡಗುವುದು ನಾಲ್ಕನೆಯ ವರ್ಷದಿಂದ. ಹಳೆಯದು ಮೂಲೆ ಸೇರಿ ಹೊಸದನ್ನು ಹೇಗೂ ಕೊಳ್ಳಲೇಬೇಕಾದವರ ಮಾತು ಬೇರೆ. ಅಂಥವರಿಗೆ ವಿದ್ಯುತ್ ವಾಹನವೇ ಲೇಸು. ಮಧುಗಿರಿ ಪೇಟೆಯೊಳಗೆ ದಿನಕ್ಕೆ ಹತ್ತು ಕಿಲೋಮೀಟರ್ ತಿರುಗುವವರಿಗಾದರೋ ತಿಂಗಳ ಉಳಿತಾಯ 450 ರೂಪಾಯಿ ದಾಟುವುದಿಲ್ಲ.

ಮನೆಯ ಹೆಣ್ಣುಮಕ್ಕಳಿಗಾಗಿ ಕೊಳ್ಳುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. 2023ರ ಜೂನ್ 11ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಮಹಿಳೆಯರಿಗೆ ಉಚಿತ. ಆಕೆಯ ಸ್ಕೂಟರು ಹಣ ಉಳಿಸುವುದಿಲ್ಲ, ಸಮಯ ಉಳಿಸುತ್ತದೆ. ಸಂಜೆಯ ಪಾಳಿ ಮುಗಿಸಿ ಬಸ್ಸಿಗಾಗಿ ಒಂದು ಗಂಟೆ ನಿಲ್ಲುವ ದಾದಿಗೆ ಆ ಸಮಯ ಕಂತಿಗಿಂತ ಬೆಲೆಯುಳ್ಳದ್ದಾಗಿರಬಹುದು. ಅದನ್ನು ಆಕೆಯೇ ನಿರ್ಧರಿಸಲಿ.

ಇನ್ನು ಮನೆಯ ವಿದ್ಯುತ್ ಬಿಲ್ಲು. ಇದನ್ನು ಯಾವ ಮಾರಾಟಗಾರರೂ ಹೇಳಿದ್ದನ್ನು ನಾವು ಕೇಳಿಲ್ಲ. ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತವೆಂದು ಅನೇಕರು ತಿಳಿದಿದ್ದಾರೆ, ಹಾಗಲ್ಲ. 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ ಹತ್ತರಷ್ಟು, ಇದೇ ಆ ಮನೆಯ ಉಚಿತ ಪಾಲು. ಅದಕ್ಕಿಂತ ಹೆಚ್ಚು ಬಳಸಿದಷ್ಟಕ್ಕೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ದಾಟಿತೋ, ಪೂರ್ತಿ ಬಿಲ್ಲು. ಅರವತ್ತು ಯೂನಿಟ್ಟಿನ ಮನೆಗೆ ಸ್ಕೂಟರಿನ 45 ಸೇರಿದರೆ ಮುನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಆದರೆ ಈಗಾಗಲೇ 160 ಯೂನಿಟ್ ಉರಿಸುವ ಮನೆಗೆ ಅದೇ 45 ಸೇರಿದರೆ ಲೆಕ್ಕ 205ಕ್ಕೆ ಏರಿ, ಸೊನ್ನೆಯಿದ್ದ ಬಿಲ್ಲು ಸಾವಿರದ ಮುನ್ನೂರಕ್ಕೂ ಹೆಚ್ಚಾಗುತ್ತದೆ. ಪೆಟ್ರೋಲಿನಲ್ಲಿ ಉಳಿಸಿದ್ದರಲ್ಲಿ ಅರ್ಧ ಅಲ್ಲಿಗೆ ಹೋಯಿತು.

ಅಗ್ಗದ ಆಸೆಗೆ ನಾವೂ ಒಮ್ಮೆ ಬಲಿಯಾದವರೇ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟಿಗಿಂತ ಕಡಿಮೆ ಶಕ್ತಿಯ ಗಾಡಿಗಳಿಗೆ ಚಾಲನಾ ಪರವಾನಗಿಯೂ ಬೇಡ, ನೋಂದಣಿಯೂ ಬೇಡ. ಅಂಥದೊಂದನ್ನು ಮನೆಗೆ ತಂದೆವು. ಎರಡನೆಯ ಬೇಸಗೆಯಲ್ಲಿ ಬ್ಯಾಟರಿ ಸೋತಿತು. ಕೊಂಡ ಮಳಿಗೆ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಊರಿನ ಮೆಕ್ಯಾನಿಕ್ ಅದನ್ನು ಮುಟ್ಟಲಿಲ್ಲ. ಇಂದಿಗೂ ಅದು ಹಿತ್ತಿಲಲ್ಲಿ ಕೋಳಿಗಳಿಗೆ ಆಸರೆಯಾಗಿದೆ. ಪರವಾನಗಿ ಬೇಡವೆಂದು ಹೈಸ್ಕೂಲಿನ ಮಕ್ಕಳ ಕೈಗೆ ಇವನ್ನು ಕೊಡುವ ತಂದೆ ತಾಯಂದಿರು ಶಿರಾದ ಬಳಿ ಹೆದ್ದಾರಿ 48ರಲ್ಲಿ ಓಡುವ ಲಾರಿಗಳ ವೇಗವನ್ನು ಒಮ್ಮೆ ನಿಂತು ನೋಡಲಿ. ವೇಗ ಹೆಚ್ಚಿಸಿಕೊಡುತ್ತೇವೆ ಎನ್ನುವವರನ್ನು ನಂಬಲೇಬಾರದು. ಆ ಕ್ಷಣದಿಂದ ಅದು ಕಾನೂನಿನ ಕಣ್ಣಿಗೆ ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನ.

ಹಾಗಾದರೆ ಯಾವುದು? ನಮ್ಮ ತಲೆಮಾರಿನವರು ವರ್ಷಗಟ್ಟಲೆ ಕಾದು ಕೊಳ್ಳುತ್ತಿದ್ದ ಬಜಾಜ್ ಚೇತಕ್ 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಮರಳಿತು. ಟಿವಿಎಸ್ ಐಕ್ಯೂಬ್, ಏಥರ್ ರಿಜ್ಟಾ, ಹೀರೊ ವಿಡಾ ಮೊದಲಾದವೂ ಇವೆ. ಹೆಸರಿಗಿಂತ ಬ್ಯಾಟರಿಯ ಅಳತೆಯನ್ನು ಕೇಳಬೇಕು. ಜಾಹೀರಾತು ಹೇಳುವ ದೂರದಲ್ಲಿ ಮುಕ್ಕಾಲು ಪಾಲನ್ನು ಮಾತ್ರ ನಂಬುವುದು ಕ್ಷೇಮ. ಹಿಂದೆ ಒಬ್ಬರು ಕುಳಿತರೆ ಅದೂ ಕಡಿಮೆಯೇ. 2.2 ಕಿಲೋವ್ಯಾಟ್ ಗಂಟೆಯ ಬ್ಯಾಟರಿ ಪೇಟೆಯ ಓಡಾಟಕ್ಕೆ ಸಾಕು. ಕೊರಟಗೆರೆ-ತುಮಕೂರು ದಾರಿಗೆ, ವರ್ಷಗಳು ಕಳೆದಂತೆ ಬ್ಯಾಟರಿಯ ಸತ್ವ ಕುಗ್ಗುವುದನ್ನೂ ಎಣಿಸಿದರೆ, ಮೂರಕ್ಕೆ ಕಡಿಮೆಯಿರಬಾರದು. ಪಾವಗಡದಿಂದ ಮಧುಗಿರಿಗೆ ದಿನವೂ ಹೋಗಿ ಬರುವವರಿಗೆ ನಮ್ಮ ಸಲಹೆ ಬಸ್ಸೇ. ಮಹಡಿಯ ಬಾಡಿಗೆ ಮನೆಯವರಿಗೆ ವಿಡಾದಂತೆ ಬ್ಯಾಟರಿಯನ್ನು ಕಳಚಿ ಒಳಗೆ ಒಯ್ಯುವ ಗಾಡಿಯೇ ಅನುಕೂಲ. ದುರಸ್ತಿ ಕೇಂದ್ರ ತುಮಕೂರಿನಲ್ಲಾದರೂ ಇದೆಯೇ ಎಂಬುದನ್ನು ಹೋಗಿ ಕಣ್ಣಾರೆ ನೋಡಿ ಬರಬೇಕು. ನಮ್ಮ ಕಡೆಯ ಬೇಸಗೆ ಬ್ಯಾಟರಿಗೆ ಹಿತವಲ್ಲ. ಬಿಸಿಲಿನಿಂದ ಬಂದ ಗಾಡಿಯನ್ನು ಒಡನೆ ಚಾರ್ಜಿಗೆ ಹಾಕದೆ ಒಂದು ಗಂಟೆ ನೆರಳಲ್ಲಿ ಆರಲು ಬಿಡಬೇಕು.

ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹರಡಿದ, 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ನೆನೆದು, ನಮ್ಮ ಸ್ಕೂಟರು ನಮ್ಮೂರ ಬಿಸಿಲಿನಿಂದಲೇ ಓಡುತ್ತದೆ ಎಂದು ಹೆಮ್ಮೆಪಡುವವರಿದ್ದಾರೆ. ಕೇಳಲು ಹಿತ. ಆದರೆ ನಾವು ಚಾರ್ಜಿಗೆ ಹಾಕುವುದು ರಾತ್ರಿ, ಸೂರ್ಯ ಮುಳುಗಿದ ಮೇಲೆ.

ನೆರೆಯವರಿಗೆ ಸಿಕ್ಕ ಸಹಾಯಧನ ತಮಗೂ ಸಿಗುವುದೆಂದು ಕಾಯುವವರಿಗೆ ಒಂದು ಮಾತು. 2021ರ ಜೂನ್‌ನಲ್ಲಿ ಕೇಂದ್ರದ ಸಹಾಯಧನ ಪ್ರತಿ ಕಿಲೋವ್ಯಾಟ್ ಗಂಟೆಗೆ 15,000 ರೂಪಾಯಿಗೆ ಏರಿತ್ತು. 2025ರ ಏಪ್ರಿಲ್ ವೇಳೆಗೆ ಅದು 2,500ಕ್ಕೆ ಇಳಿದು, ಒಂದು ವಾಹನಕ್ಕೆ 5,000 ರೂಪಾಯಿಯ ಮಿತಿಗೆ ಬಂದಿತ್ತು. ಆ ಹಳೆಯ ಬೆಲೆಗಳು ಮರಳಿ ಬಾರವು.

ನಮ್ಮನ್ನು ಕೇಳಿದ ಯುವಕನ ಬೈಕು ಇನ್ನೂ ಚೆನ್ನಾಗಿಯೇ ಓಡುತ್ತಿದೆ. ಒಂದು ವರ್ಷ ತಡೆದು, ಕಂತಿನ ಹಣವನ್ನು ತಿಂಗಳು ತಿಂಗಳೂ ಕೂಡಿಡಲು ಹೇಳಿದ್ದೇವೆ. ಅರ್ಧದಷ್ಟು ಕೈಯಲ್ಲಿದ್ದರೆ ಸಾಲವೂ ಅರ್ಧವಾಗುತ್ತದೆ. ಜೊತೆಗೆ ಮನೆಯ ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನೂ ಕೇಳಿದ್ದೇವೆ. ಬರುವ ಭಾನುವಾರ ತರುವೆನೆಂದಿದ್ದಾನೆ.