ಕಣ್ಣಿಗೆ ಬಿದ್ದದ್ದು, ಹುಡುಕಿ ಪಡೆದದ್ದು

'ಕಮ್ ಅಕ್ರಾಸ್' ಎಂಬ ಇಂಗ್ಲಿಷ್ ನುಡಿಗಟ್ಟಿಗೆ ಸಮಾನವಾದ ಪದಗಳಾವುವು, ಅವುಗಳಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬಳಸಬಹುದೇ ಎಂದು ಓದುಗರೊಬ್ಬರು ಪ್ರಶ್ನಿಸಿದ್ದಾರೆ. ಪ್ರಶ್ನೆಗೆ ಕಾರಣವೂ ಉಂಟು. ಗುಮಾಸ್ತನಾಗಿರುವ ಅವರ ಮಗನು, ಕಚೇರಿಯಲ್ಲಿ ಕಾಣೆಯಾಗಿದ್ದ ರಸೀದಿ ಪುಸ್ತಕವೊಂದನ್ನು ಎರಡು ದಿನ ಕಡತಗಳ ಧೂಳು ಕುಡಿದು ಹುಡುಕಿ ತೆಗೆದನು. ಮೇಲಧಿಕಾರಿಗೆ ಕೊಟ್ಟ ವಿವರಣೆಯಲ್ಲಿ ಮಾತ್ರ 'ಐ ಕೇಮ್ ಅಕ್ರಾಸ್ ದ ಬುಕ್' ಎಂದು ಬರೆದನು. "ಹಾಗಾದರೆ ನೀನು ಹುಡುಕಲೇ ಇಲ್ಲ, ಅದು ತಾನಾಗಿ ಸಿಕ್ಕಿತು" ಎಂಬ ಆಕ್ಷೇಪಣೆ ಬಂದಿತಂತೆ.

ಅಧಿಕಾರಿಯ ಮಾತು ಕಠಿನವಾದರೂ ವ್ಯಾಕರಣದ ದೃಷ್ಟಿಯಿಂದ ಸರಿಯೇ. 'ಕಮ್ ಅಕ್ರಾಸ್' ಎಂದರೆ ಆ ವಸ್ತುವನ್ನು ಅರಸದೆ ಇರುವಾಗ ಅದು ಎದುರಾಗುವುದು. ನಮ್ಮ 'ಕಣ್ಣಿಗೆ ಬಿತ್ತು', 'ಕೈಗೆ ಸಿಕ್ಕಿತು' ಎಂಬ ಮಾತುಗಳೇ ಇದಕ್ಕೆ ತಕ್ಕವು. ಅರಸಿ ಪಡೆದುದಕ್ಕೆ 'ಫೈಂಡ್' ಸಾಕು: 'ಆಫ್ಟರ್ ಸರ್ಚಿಂಗ್ ಫಾರ್ ಟು ಡೇಸ್, ಐ ಫೌಂಡ್ ದ ಬುಕ್'. ಇಲ್ಲಿ 'ಫೌಂಡ್ ಔಟ್' ಎಂದು ಬರೆಯುವ ರೂಢಿ ನಮ್ಮಲ್ಲಿ ವಿಪರೀತವಾಗಿದೆ. ಅದೂ ಸಲ್ಲದು. 'ಫೈಂಡ್ ಔಟ್' ಎಂಬುದಕ್ಕೆ ವಸ್ತು ಕರ್ಮವಾಗದು, ಸಂಗತಿ ಕರ್ಮವಾಗುತ್ತದೆ. ಪುಸ್ತಕ ಎಲ್ಲಿತ್ತೆಂಬುದನ್ನು 'ಫೈಂಡ್ ಔಟ್' ಮಾಡಬಹುದು, ಪುಸ್ತಕವನ್ನಲ್ಲ. ಕರ್ಮಸ್ಥಾನದಲ್ಲಿ ಮನುಷ್ಯನನ್ನಿಟ್ಟರೆ ಅವನ ಕಳ್ಳತನವನ್ನು ಬಯಲಿಗೆಳೆದಂತೆ ಅರ್ಥವಾಗುತ್ತದೆ. ಬೀಗರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವವರು ಇದನ್ನು ನೆನಪಿನಲ್ಲಿಡಬೇಕು.

ಈ ಭೇದಕ್ಕೆ ಆಕಾಶದಲ್ಲಿಯೇ ಎರಡು ಸಾಕ್ಷಿಗಳಿವೆ. 1781ರ ಮಾರ್ಚ್ 13ರ ರಾತ್ರಿ, ಇಂಗ್ಲೆಂಡಿನ ಬಾತ್ ನಗರದಲ್ಲಿ ವೃತ್ತಿಯಿಂದ ಸಂಗೀತಗಾರನಾಗಿದ್ದ ವಿಲಿಯಂ ಹರ್ಷೆಲನು ತಾನೇ ನಿರ್ಮಿಸಿಕೊಂಡ ದೂರದರ್ಶಕದಲ್ಲಿ ನಕ್ಷತ್ರಗಳನ್ನು ಪರೀಕ್ಷಿಸುತ್ತಿದ್ದನು. ಅವುಗಳ ನಡುವೆ ತುಸು ದೊಡ್ಡದಾಗಿ ತೋರುವ ಕಾಯವೊಂದು ಅವನ ಕಣ್ಣಿಗೆ ಬಿತ್ತು. ಅದನ್ನು ಮೊದಲು ಧೂಮಕೇತುವೆಂದೇ ಭಾವಿಸಿದನು. ಅದು ಯುರೇನಸ್ ಗ್ರಹವಾಗಿದ್ದಿತು. ಇದು ನಿಜವಾದ 'ಕಮ್ ಅಕ್ರಾಸ್'. ಹರ್ಷೆಲನು ಸುಮ್ಮನೆ ಕುಳಿತಿರಲಿಲ್ಲ. ಆದರೆ ಅವನು ಅರಸುತ್ತಿದ್ದುದು ಗ್ರಹವನ್ನಲ್ಲ. ಮುಂದೆ ಆ ಗ್ರಹದ ಚಲನೆ ಲೆಕ್ಕಕ್ಕೆ ಹೊಂದದಿರಲು, ಆಚೆಗಿನ ಮತ್ತೊಂದು ಗ್ರಹ ಅದನ್ನು ಸೆಳೆಯುತ್ತಿರಬೇಕೆಂದು ಫ್ರಾನ್ಸಿನ ಲವೆರ್ಯೆ ಗಣಿತದಿಂದಲೇ ಅದರ ಸ್ಥಾನವನ್ನು ಸೂಚಿಸಿದನು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಗಾಲೆ ಎಂಬಾತನು ದೂರದರ್ಶಕವನ್ನು ಅತ್ತ ತಿರುಗಿಸಲು, ಸೂಚಿಸಿದ ಸ್ಥಾನದಿಂದ ಒಂದು ಅಂಶದೊಳಗೆ ನೆಪ್ಚೂನ್ ದೊರೆಯಿತು. ಇದನ್ನು 'ಕೇಮ್ ಅಕ್ರಾಸ್' ಎಂದರೆ ಲವೆರ್ಯೆಯ ಗಣಿತವೆಲ್ಲ ನೀರಿನಲ್ಲಿ ಹೋಮವಾದಂತೆ.

ಮೂರನೆಯ ಬಗೆಯೊಂದುಂಟು, ಅದು ನಮ್ಮ ಮೈಸೂರಿನದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಂದು ತಾಳೆಗರಿಯ ಕಟ್ಟನ್ನು ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವನ್ನು ಪ್ರಕಟಿಸಿದವರೂ ಅವರೇ. ಕಟ್ಟು ಅರಸದೆ ಬಂದುದು ದಿಟ. ಆದರೆ ಅರಿಯದವನ ಕೈಗೆ ಬಂದಿದ್ದರೆ ಅದು ಕಟ್ಟಾಗಿಯೇ ಉಳಿಯುತ್ತಿದ್ದಿತು. ಆದುದರಿಂದ ಇಲ್ಲಿ 'ಡಿಸ್ಕವರ್' ಎಂಬುದೇ ಯೋಗ್ಯ ಪದ. ಇದಕ್ಕೆ ನಾವು 'ಕಂಡುಹಿಡಿ' ಎನ್ನುತ್ತೇವೆ. ದೂರವಾಣಿ ಯಂತ್ರವನ್ನು ಹೊಸದಾಗಿ ನಿರ್ಮಿಸಿದುದಕ್ಕೂ ಅದೇ ಮಾತು! ಇಂಗ್ಲಿಷಿನವರು ಅದನ್ನು 'ಇನ್ವೆಂಟ್' ಎಂದು ಬೇರ್ಪಡಿಸಿದ್ದಾರೆ. ಈ ಒಂದು ವಿಷಯದಲ್ಲಿ ಅವರ ವಿವೇಕ ನಮಗಿಂತ ಮೇಲೆಂದು ನನಗೆ ತೋರುತ್ತದೆ.

ಇನ್ನು ಸಮಾನಪದಗಳು. 'ರನ್ ಅಕ್ರಾಸ್', 'ಚಾನ್ಸ್ ಅಪಾನ್', 'ಹ್ಯಾಪನ್ ಅಪಾನ್' ಇವೆಲ್ಲ ಹತ್ತಿರದ ನಂಟರು. ಕೊನೆಯ ಎರಡು ತುಸು ಗ್ರಂಥಸ್ಥ. 'ಸ್ಟಂಬಲ್ ಅಪಾನ್' ಎಂಬಲ್ಲಿ ಎಡವಿದ ಭಾವವಿದೆ. ಮೇಲಧಿಕಾರಿಗೆ ಬರೆಯುವಾಗ ಬೇಡ. 'ಬಂಪ್ ಇಂಟು' ಎಂಬುದನ್ನು ಪರಿಚಿತರ ಆಕಸ್ಮಿಕ ಭೇಟಿಗೆ ಸಲುಗೆಯ ಮಾತಿನಲ್ಲಿ ಬಳಸುತ್ತಾರೆ. 'ಎನ್‌ಕೌಂಟರ್' ಎಂಬುದೂ ಎದುರಾಗುವುದೇ. ಆದರೆ ನಮ್ಮ ಪತ್ರಿಕೆಗಳಲ್ಲಿ ಆ ಪದವು ಪೊಲೀಸರ ಗುಂಡಿಗೆ ಮೀಸಲಾಗಿದೆ. 'ಲುಕ್ ಫಾರ್' ಈ ಗುಂಪಿನದಲ್ಲ. ಅದು ಅರಸುವ ಕ್ರಿಯೆ ಮಾತ್ರ. ಸಿಕ್ಕಿತೋ ಇಲ್ಲವೋ ಹೇಳುವುದಿಲ್ಲ.

'ಸರ್ಚ್' ಮತ್ತು 'ಸರ್ಚ್ ಫಾರ್' ಇವುಗಳಲ್ಲಿಯೂ ಎಚ್ಚರ ಬೇಕು. ಪೊಲೀಸರು ಒಬ್ಬನನ್ನು 'ಸರ್ಚ್' ಮಾಡಿದರೆಂದರೆ ಅವನ ಜೇಬು ತಡಕಿದರೆಂದು ಅರ್ಥ. 'ಸರ್ಚ್ ಫಾರ್' ಎಂದರೆ ಅವನನ್ನೇ ಹುಡುಕಿದರೆಂದು.

ಕಡೆಯದಾಗಿ, 'ಕೇಮ್ ಅಕ್ರಾಸ್ ವಿತ್ ಎ ಫ್ರೆಂಡ್' ಎಂದು ಅನೇಕರು ಬರೆಯುತ್ತಾರೆ. ಗೆಳೆಯನೊಬ್ಬ ಎದುರಾದನೆಂಬುದು ಅವರ ಇಂಗಿತ. ಆಂಗ್ಲನಿಗೆ ಕೇಳಿಸುವುದು ಗೆಳೆಯನನ್ನು ಜೊತೆಗೂಡಿಕೊಂಡು ಎಲ್ಲಿಂದಲೋ ದಾಟಿ ಬಂದರೆಂದು. ಆ 'ವಿತ್' ಅನ್ನು ತೆಗೆದುಬಿಡಬೇಕು.