ಮನಸ್ಸಿನ ಕಾಯಿಲೆಯವರನ್ನು ಲಾಕಪ್ಪಿಗೆ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ



ಹರಿಹರದ ರೈಲ್ವೆ ಸ್ಟೇಷನ್ನಿನಲ್ಲೋ ದಾವಣಗೆರೆ ಬಸ್ ನಿಲ್ದಾಣದ ಮೂಲೆಯಲ್ಲೋ ಇಂಥವರನ್ನು ನೀವು ನೋಡಿಯೇ ಇರುತ್ತೀರಿ. ಉರಿಬಿಸಿಲಲ್ಲೂ ಮೈಮೇಲೆ ಮೂರು ಅಂಗಿ, ಕಂಕುಳಲ್ಲಿ ಚಿಂದಿಯ ಗಂಟು, ಎದುರಿಗೆ ಯಾರೂ ಇಲ್ಲದಿದ್ದರೂ ಜಗಳ. ಹೋಟೆಲ್ ಮುಂದೆ ನಿಂತರೆ ನೀರು ಎರಚುತ್ತಾರೆ. ಅವನು ಕಲ್ಲು ಎತ್ತಿದನೋ, 112ಕ್ಕೆ ಫೋನ್. ಹಿಡಿಯಲು ಬಂದ ಪೇದೆಯ ಕೈ ಕಚ್ಚಿದರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು. ಜಾಮೀನಿಗೆ ಹಣವಿಲ್ಲ, ಶ್ಯೂರಿಟಿಗೆ ಜನವಿಲ್ಲ. ಕೋರ್ಟಿನಲ್ಲಿ ಹೆಸರು ಕೇಳಿದರೆ ದಿನಕ್ಕೊಂದು ಹೇಳುತ್ತಾನೆ. ಹೊತ್ತಿಗೆ ಸರಿಯಾಗಿ ಮಾತ್ರೆ ಸಿಕ್ಕಿದ್ದರೆ ತನ್ನ ಊರು, ಅಪ್ಪನ ಹೆಸರು ಹೇಳಬಹುದಾಗಿದ್ದವನು ವಿಚಾರಣಾಧೀನ ಕೈದಿಯಾಗಿ ಕೊಳೆಯುತ್ತಾನೆ.

ಕಾನೂನು ಹೇಳುವುದೇ ಬೇರೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಓದಿ. ಬೀದಿಯಲ್ಲಿ ಅಲೆಯುವ, ತನ್ನನ್ನು ತಾನು ನೋಡಿಕೊಳ್ಳಲಾಗದ ಮನೋರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಬೇಕು. ಹಾಗೆ ಕರೆದೊಯ್ದವರನ್ನು ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ತಪಾಸಣೆಯ ಏರ್ಪಾಡು ಆಸ್ಪತ್ರೆಯ ವೈದ್ಯಾಧಿಕಾರಿಯ ಹೊಣೆ. ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದು ಠಾಣಾಧಿಕಾರಿಯ ಹೊಣೆ. ಇದರಲ್ಲಿ ದಯೆ ದಾಕ್ಷಿಣ್ಯದ ಮಾತೇ ಇಲ್ಲ, ಎಲ್ಲವೂ ಕರ್ತವ್ಯ. ರಾತ್ರಿ ರೈಲು ಹತ್ತಿಸಿ ಪಕ್ಕದ ಊರಿಗೆ ಸಾಗಹಾಕುವುದನ್ನು ಯಾವ ಕಲಮೂ ಒಪ್ಪುವುದಿಲ್ಲ.

ಅಪರಾಧವನ್ನೇ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನ ವಿರೋಧಿ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ. ಇನ್ನು ಕೇಸಿನ ಮೇಲೆ ಒಳಗೆ ಹೋದವರ ಗತಿ? ಬೆಂಗಳೂರು ಕೇಂದ್ರ ಕಾರಾಗೃಹದ ಸುಮಾರು 5,000 ಕೈದಿಗಳನ್ನು ಪರೀಕ್ಷಿಸಿದ ನಿಮ್ಹಾನ್ಸ್ ವರದಿ 2011ರಲ್ಲಿ ಬಂತು. ಕುಡಿತ, ತಂಬಾಕಿನಂಥ ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮನಸ್ಸಿನ ಕಾಯಿಲೆ ಇತ್ತು. ಆದರೆ ತಮ್ಮಲ್ಲಿ ಮನೋರೋಗಿ ಕೈದಿಗಳಿಲ್ಲ ಎಂದು ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಬರೆದು ಕೊಡಬೇಕೆಂದು 2017ರ ಕಾಯ್ದೆಯ 103ನೇ ಕಲಂ ಹೇಳುತ್ತದೆ! ಸಹಿ ಹಾಕುವುದು ಸುಲಭ, ಹುಡುಕುವುದು ಕಷ್ಟ.

'ಹುಚ್ಚನ ಸರ್ಟಿಫಿಕೇಟ್ ತಂದು ಕೊಲೆಗಾರರೆಲ್ಲ ಪಾರಾಗುತ್ತಾರೆ' ಎನ್ನುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಅಷ್ಟು ಸಡಿಲವಿಲ್ಲ. ಬರೀ ಕಾಯಿಲೆ ಇದ್ದರೆ ಸಾಲದು. ಕೃತ್ಯ ನಡೆದ ಗಳಿಗೆಯಲ್ಲಿ, ಮಾಡುತ್ತಿರುವುದೇನು, ಅದು ತಪ್ಪೋ ಸರಿಯೋ ಎಂಬ ಅರಿವೇ ಇರಲಿಲ್ಲವೆಂದು ಆರೋಪಿಯ ಕಡೆಯವರೇ ಸಾಬೀತು ಮಾಡಬೇಕು. ಖುಲಾಸೆಯಾದರೂ ನೇರ ಮನೆಗೆ ಬಿಡುವುದಿಲ್ಲ. ಸುರಕ್ಷಿತ ಸುಪರ್ದಿನ ವ್ಯವಸ್ಥೆ ಆಗಬೇಕು. ನಮ್ಮ ತಕರಾರು ಕೊಲೆ ಕೇಸುಗಳ ಬಗ್ಗೆ ಅಲ್ಲವೇ ಅಲ್ಲ. ಮನೋರೋಗಿಗಳಲ್ಲಿ ಹೆಚ್ಚಿನವರು ಯಾರಿಗೂ ಕೈ ಎತ್ತಿದವರಲ್ಲ, ಹೊಡೆತ ತಿಂದವರು.

ಮನೆಯವರಿಗೂ ಒಂದು ಮಾತು. ಕಾಯಿಲೆ ವಾಸಿಯಾಗಲೆಂದು ನೀವು ಮೊರೆಹೋಗುವ ಉಕ್ಕಡಗಾತ್ರಿ ಅಜ್ಜಯ್ಯನ ಮೇಲಿನ ಭಕ್ತಿಗೆ ನಾವು ಕೈ ಹಾಕುವುದಿಲ್ಲ. ಗದ್ದುಗೆಗೆ ಹಣೆ ಮುಟ್ಟಿಸಿ ಬನ್ನಿ. ಬಂದ ಮೇಲೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೂ ಕರೆದುಕೊಂಡು ಹೋಗಿ. ದನದ ಕೊಟ್ಟಿಗೆಯಲ್ಲಿ ಸರಪಳಿ ಹಾಕಿ ಕಟ್ಟಬೇಡಿ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಸರಪಳಿಯನ್ನು ನಿಷೇಧಿಸಿದೆ. ದೊಡ್ಡ ಡಾಕ್ಟರೇ ಬೇಕು ಎಂದೇನಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಕಾಯಿಲೆಗೆ ಮದ್ದು ಕೊಡಬಹುದೆಂದು ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ಮಾಡಿ ತೋರಿಸಿದೆ.

ನಮ್ಮ ಬೇಡಿಕೆಗಳಿಷ್ಟು. ದಾವಣಗೆರೆ, ಹರಿಹರ ಎರಡೂ ಊರಿನ ಪ್ರತಿ ಠಾಣೆಯ ಗೋಡೆಯ ಮೇಲೆ 100ನೇ ಕಲಂ ಕನ್ನಡದಲ್ಲಿ ಬರೆಸಬೇಕು. ಪೊಲೀಸರು ಕರೆತಂದವರನ್ನು ಬೆಡ್ ಇಲ್ಲವೆಂದು ಯಾವ ಸರ್ಕಾರಿ ಆಸ್ಪತ್ರೆಯೂ ವಾಪಸ್ ಕಳಿಸಬಾರದು. ಜೈಲಿಗೆ ಹೋಗುವ ಕಾನೂನು ಸೇವಾ ಪ್ರಾಧಿಕಾರದ ವಕೀಲರು, ಕೇಸಿನ ವಿವರದ ಜೊತೆಗೆ ಕೈದಿ ರಾತ್ರಿ ನಿದ್ದೆ ಮಾಡುತ್ತಾನೋ ಇಲ್ಲವೋ ಅದನ್ನೂ ಕೇಳಬೇಕು.

ಮುಂದಿನ ಸಲ 112ಕ್ಕೆ ಫೋನ್ ಮಾಡುವಾಗ 'ಗಲಾಟೆ ಮಾಡ್ತಿದಾನೆ' ಎನ್ನಬೇಡಿ. 'ಕಾಯಿಲೆಯವರು, ಆಸ್ಪತ್ರೆಗೆ ಸೇರಿಸಬೇಕು' ಎನ್ನಿ. ಸಲಹೆಗೆ ಟೆಲಿ ಮಾನಸ್ 14416, ಉಚಿತ ವಕೀಲರಿಗೆ 15100. ಓದಿದ ಮೇಲೆ ಈ ಹಾಳೆಯನ್ನು ಮಡಚಿ ಬಿಸಾಡದೆ ಹೋಟೆಲ್ ಗಲ್ಲಾದ ಹತ್ತಿರ, ಆಟೋ ಸ್ಟ್ಯಾಂಡಿನಲ್ಲಿ ಅಂಟಿಸಿ.